ಒಂದೇ ಹೊಳ್ಳೆ ಕಟ್ಟಿದಾಗ



ಮೂಗು ಕಟ್ಟಿತೆಂದರೆ ಆವಿ ಹಿಡಿಯುತ್ತೇವೆ, ಅಂಗಡಿಯ ಮಾತ್ರೆ ನುಂಗುತ್ತೇವೆ, ‘ಸೈನಸ್ ಕಣಪ್ಪಾ’ ಎಂದು ಸುಮ್ಮನಾಗುತ್ತೇವೆ. ಬಹಳಷ್ಟು ಸಲ ಅದು ಸರಿಯೇ. ಆದರೆ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿ, ಅದರಿಂದಲೇ ಆಗಾಗ ರಕ್ತ ಬಂದು, ಆ ಬದಿಯ ಕೆನ್ನೆಯೂ ಊದಿಕೊಂಡರೆ ದಯವಿಟ್ಟು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಹೀಗೆ ಕಾಣಿಸಿಕೊಳ್ಳುವ ಗಡ್ಡೆಗಳಲ್ಲಿ ತೀರಾ ಅಪರೂಪದ್ದೊಂದು ಪ್ಲಾಸ್ಮಸೈಟೋಮ.

ಪ್ಲಾಸ್ಮಾ ಕೋಶಗಳು ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವಂಥವು. ಅವು ಎಲುಬಿನ ಮಜ್ಜೆಯಲ್ಲಿ ಹತೋಟಿ ತಪ್ಪಿ ಹಲವು ಕಡೆ ಬೆಳೆದರೆ ಮೈಲೋಮ ಎಂಬ ರಕ್ತದ ಕ್ಯಾನ್ಸರ್. ಎಲುಬಿನ ಹೊರಗೆ ಒಂದೇ ಕಡೆ ಗಡ್ಡೆ ಕಟ್ಟಿದರೆ ಅದೇ ಈ ಪ್ಲಾಸ್ಮಸೈಟೋಮ, ಅದರ ಹಣೆಬರಹವೇ ಬೇರೆ. ಇಂಥ ಒಂಟಿ ಗಡ್ಡೆಗಳಲ್ಲಿ ಶೇ. 80ರಷ್ಟು ತಲೆ ಮತ್ತು ಕತ್ತಿನ ಭಾಗದಲ್ಲೇ ಹುಟ್ಟುತ್ತವೆ. 50 ದಾಟಿದ ಗಂಡಸರಲ್ಲಿ ಹೆಚ್ಚು.

ಮೂಗಿನೊಳಗೆ ದುರ್ಬೀನು ಇಳಿಸಿದರೆ ಗಡ್ಡೆ ಕಾಣುತ್ತದೆ, ಸ್ಕ್ಯಾನ್ ಅದರ ಹರವು ತೋರಿಸುತ್ತದೆ. ಅದು ಯಾವ ಗಡ್ಡೆ ಎಂದು ಹೇಳುವುದು ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾತ್ರ. ‘ಚೂರು ತೆಗೆದರೆ ಹರಡುತ್ತೆ’ ಎಂಬ ಹೆದರಿಕೆಯಲ್ಲಿ ತಿಂಗಳುಗಳನ್ನು ಕಳೆಯುವವರಿದ್ದಾರೆ. ರೋಗ ಬೆಳೆಯುವುದು ಆ ತಿಂಗಳುಗಳಲ್ಲಿ. ಆ ಚೂರಿನಲ್ಲಿ ವೈದ್ಯರು ನೋಡುವ ಗುರುತು ಇದು: ಆರೋಗ್ಯವಂತ ಪ್ಲಾಸ್ಮಾ ಕೋಶಗಳ ಗುಂಪಿನಲ್ಲಿ ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಬಗೆಯ ಪ್ರೋಟೀನು ಮಾಡುವವೂ ಬೆರೆತಿರುತ್ತವೆ. ಗಡ್ಡೆಯಲ್ಲಿ ಯಾವುದೋ ಒಂದೇ ಸಿಗುತ್ತದೆ. ಅವೆಲ್ಲ ಕೆಟ್ಟ ಒಂದೇ ಕೋಶದ ಸಂತಾನ ಎಂಬುದಕ್ಕೆ ಅದೇ ಸಾಕ್ಷಿ.

ಅಷ್ಟಕ್ಕೇ ಮುಗಿಯಲಿಲ್ಲ. ಗಡ್ಡೆ ನಿಜಕ್ಕೂ ಒಂಟಿಯೇ? ಸೊಂಟದ ಎಲುಬಿನ ಮಜ್ಜೆಯ ಪರೀಕ್ಷೆ, ಪೆಟ್ ಸ್ಕ್ಯಾನ್, ರಕ್ತದ ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ, ಹಿಮೋಗ್ಲೋಬಿನ್ ಎಲ್ಲವನ್ನೂ ನೋಡಬೇಕು. ಮೂತ್ರದಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನು ಹುಡುಕುತ್ತಾರೆ. 1845ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬ ರೋಗಿಯ ಮೂತ್ರ ಪರೀಕ್ಷಿಸಿ ಗುರುತಿಸಿದ್ದು ಅದು. ಮೈಲೋಮದ ಆ ಸುಳಿವು ಇಂದಿಗೂ ಕೆಲಸಕ್ಕೆ ಬರುತ್ತಿದೆ! ‘ಮೂಗಿನ ಕಾಯಿಲೆಗೆ ಸೊಂಟದ ಎಲುಬಿಗೆ ಯಾಕೆ ಸೂಜಿ’ ಎಂದು ಬೇಸರಪಡಬೇಡಿ. ಚಿಕಿತ್ಸೆಯ ದಾರಿ ತೀರ್ಮಾನವಾಗುವುದೇ ಅಲ್ಲಿ.

ಒಂಟಿ ಎಂದು ಖಾತ್ರಿಯಾದರೆ ಮುಖ್ಯ ಮದ್ದು ವಿಕಿರಣ, ನಮ್ಮವರ ಮಾತಿನಲ್ಲಿ ‘ಕರೆಂಟ್ ಕೊಡೋದು’. ಸಾಮಾನ್ಯವಾಗಿ 40ರಿಂದ 50 ಗ್ರೇ (ವಿಕಿರಣದ ಅಳತೆ), ವಾರಕ್ಕೆ ಐದು ದಿನದಂತೆ ನಾಲ್ಕೈದು ವಾರ. ಈ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಕರಗುತ್ತದೆ. ಕಣ್ಣಿನ ಪಕ್ಕದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿ ಮುಖ ಕೆಡಿಸುವ ಅಗತ್ಯ ಬಹುಪಾಲು ಬೀಳುವುದಿಲ್ಲ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ, ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಕಷ್ಟವಿರುವುದು ತೋಟ, ದನ, ಮನೆ ಬಿಟ್ಟು ಐದು ವಾರ ಊರಾಚೆ ಇರುವುದರಲ್ಲಿ. ಮೂಗು ಹಗುರಾಯಿತೆಂದು ನಡುವೆ ಎದ್ದು ಬರುವ ಮನಸ್ಸಾಗುತ್ತದೆ. ಬರಬೇಡಿ. ಆ ದಿನಗಳಲ್ಲಿ ರೋಗಿಯ ಹೊಲಕ್ಕೆ ನೀರು ಬಿಡುವುದು, ದನಕ್ಕೆ ಮೇವು ಹಾಕುವುದು ನೆರೆಹೊರೆಯವರ ಪಾಲಿನ ಚಿಕಿತ್ಸೆ ಎಂದೇ ನಾನು ತಿಳಿದಿದ್ದೇನೆ.

ಕೆಲವರಲ್ಲಿ ಚಿಕಿತ್ಸೆ ಮುಗಿದ ಎಷ್ಟೋ ವರ್ಷಗಳ ಮೇಲೆ ಮೈಲೋಮ ತಲೆದೋರುವುದುಂಟು. ಆದ್ದರಿಂದ ವೈದ್ಯರು ಹೇಳಿದ ಗಡುವಿಗೆ ಹೋಗಿ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಹೋಗುವಾಗ ಹಳೆಯ ಬಯಾಪ್ಸಿ ರಿಪೋರ್ಟು, ಸ್ಲೈಡುಗಳು ಜೊತೆಯಲ್ಲಿರಲಿ, ಅವನ್ನು ಎಸೆಯಬೇಡಿ.