ತಿಂಡಿ ಬೀದಿಯಲ್ಲಿ ಅರ್ಧರ್ಧ ಪ್ಲೇಟು

ಮೊನ್ನೆ ಸಂಜೆ ಅಪ್ಪನ ಜೊತೆ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಿದ್ದೆ. ಮೊದಲೆಲ್ಲ ಸಜ್ಜನ್ ರಾವ್ ಸರ್ಕಲ್ ಕಡೆಯಿಂದ ಶುರು ಮಾಡಿದ್ರೆ ಒಂದು ಅಂಗಡಿಯನ್ನೂ ಬಿಡ್ತಿರಲಿಲ್ಲ ಅವರು. ಈಗ ಶುಗರ್. ಅದಕ್ಕೇ ನಾನೊಂದು ರೂಲ್ಸ್ ಮಾಡಿದೆ: ಏನೇ ತಗೊಂಡ್ರೂ ಇಬ್ಬರಿಗೂ ಸೇರಿ ಒಂದೇ ಪ್ಲೇಟು. ನೀವೂ ಹೀಗೇ ಮಾಡಿ, ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸ್ಕೊಂಡ್ರೆ ಉಳಿದದ್ದು ಬರೀ ನೋಡೋಕಷ್ಟೇ.

ಅವರೆಬೇಳೆ ದೋಸೆ ಅರ್ಧರ್ಧ, ಪಡ್ಡು ಎರಡೆರಡು. ನಿಪ್ಪಟ್ಟು ಮಸಾಲೆ ಮಾತ್ರ ನನಗೇ ಜಾಸ್ತಿ. ಖಾರಕ್ಕೆ ಮೂಗು ಸೋರಿದ್ದು ಬೇರೆ ಮಾತು!

ಹೋಳಿಗೆ ಅಂಗಡಿ ಮುಂದೆ ಅಪ್ಪ ನಿಂತುಬಿಟ್ರು. ಕಾವಲಿ ಮೇಲೆ ಕಾಯಿ ಹೋಳಿಗೆ, ತುಪ್ಪದ ಘಮ. ‘ಒಂದ್ ಚೂರು ಕೊಡೋ, ಸಾಕು’ ಅಂದ್ರು. ಕಾಲು ಭಾಗ ಮುರಿದು ಕೊಟ್ಟೆ. ಕಣ್ಣು ಮುಚ್ಕೊಂಡು ತಿಂದ್ರು. ಮಿಕ್ಕಿದ್ದನ್ನ ಅವರೆದುರು ತಿನ್ನೋಕೆ ಮನಸ್ಸಾಗಲಿಲ್ಲ. ಅಮ್ಮನಿಗೆ ಅಂತ ಪಾರ್ಸೆಲ್ ಕಟ್ಟಿಸಿದೆ.