ಕತ್ತಲಲ್ಲಿ ಬಾಗಿದ ಗೆರೆ

ಕಣ್ಣಿಗೆ ಕಾಣಬೇಕಾದ ವಸ್ತುವನ್ನು ಕಿವಿಗೆ ಹೇಳುವ ಕೆಲಸ ಇಂದು ನನ್ನ ಪಾಲಿಗೆ ಬಂದಿದೆ. ಛಾಯಾಚಿತ್ರದ ವಿಷಯವಾಗಿ ರೇಡಿಯೋದಲ್ಲಿ ಮಾತನಾಡುವುದೆಂದರೆ ಊಟದ ರುಚಿಯನ್ನು ಕಾಗದದಲ್ಲಿ ಬರೆದು ಕಳಿಸಿದಂತೆ. ಆದರೂ ನನಗೊಂದು ಅನುಕೂಲವಿದೆ. ನಾನು ಹೇಳಲಿರುವ ಚಿತ್ರದಲ್ಲಿ ಮುಖ್ಯವಾದ ವಸ್ತು ಕಾಣಿಸುವುದೇ ಇಲ್ಲ. ಹೀಗಾಗಿ ಅದನ್ನು ನೋಡಿದವರಿಗೂ ಈಗ ಕೇಳುತ್ತಿರುವ ತಮಗೂ ಹೆಚ್ಚಿನ ಅಂತರವಿಲ್ಲ.

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಬರುವ ಹೆದ್ದಾರಿಯನ್ನು ಹಗಲಿನಲ್ಲಿ ನೋಡಿದವರು ಅದರಲ್ಲಿ ಚಿತ್ರ ತೆಗೆಯುವಂಥದ್ದೇನಿದೆ ಎಂದು ಕೇಳಿಯಾರು. ಕೇಳುವುದು ನ್ಯಾಯವೇ. ಒಂದು ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ, ಮತ್ತೊಂದು ಕಡೆ ಮಳೆಯ ದಾರಿ ನೋಡುವ ಹತ್ತಿ, ತೊಗರಿ, ಸಜ್ಜೆಯ ಹೊಲ. ನಡುನಡುವೆ ಯಾರೋ ಎಣಿಸಿ ಪೇರಿಸಿಟ್ಟಂತೆ ಬಂಡೆಗಳ ಗುಡ್ಡ. ಆದರೆ ದೀಪ ಹಚ್ಚುವ ಹೊತ್ತಿಗೆ ಈ ರಸ್ತೆ ಬೇರೆಯಾಗುತ್ತದೆ. ಹಟ್ಟಿಯ ಚಿನ್ನದ ಗಣಿಯ ಪಾಳಿ ಮುಗಿಸಿ ಮನೆಗೆ ಹೋಗುವವರ ಮೋಟಾರು ಸೈಕಲ್ಲುಗಳು, ಸಿಂಧನೂರಿನ ಅಕ್ಕಿ ಗಿರಣಿಗಳಿಂದ ಹೊರಟ ಲಾರಿಗಳು, ಬೆಂಗಳೂರಿನ ಕಡೆಗೆ ಮುಖ ಮಾಡಿದ ರಾತ್ರಿ ಬಸ್ಸುಗಳು, ಇವುಗಳ ನಡುವೆ ತಮ್ಮದೇ ಲೆಕ್ಕದಲ್ಲಿ ಸಾಗುವ ಟ್ರ್ಯಾಕ್ಟರುಗಳು. ಈ ದೀಪಗಳ ಓಡಾಟವನ್ನು ಒಂದೇ ಚಿತ್ರದಲ್ಲಿ ಗೆರೆಗಳಾಗಿ ಹಿಡಿಯುವ ಹುಚ್ಚು ನನಗೆ ಹತ್ತಿದ್ದು 1988ರಲ್ಲಿ. ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅಂಥ ಹುಚ್ಚಿಗೆ ಅದು ಸಾಕಷ್ಟು ನೆಪವಾಗಿತ್ತು.

ವಿಧಾನ ಸರಳ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ ಷಟರನ್ನು ತೆರೆದಿಡಬೇಕು. ಅರ್ಧ ನಿಮಿಷ, ಒಂದು ನಿಮಿಷ, ಬೇಕಾದರೆ ಇನ್ನೂ ಹೆಚ್ಚು. ಗಂಟೆಗೆ ಅರವತ್ತು ಕಿಲೋಮೀಟರು ವೇಗದ ಕಾರು ಅರ್ಧ ನಿಮಿಷದಲ್ಲಿ ಅರ್ಧ ಕಿಲೋಮೀಟರು ಹೋಗುತ್ತದೆ. ಅಷ್ಟುದ್ದದ ಗೆರೆ ಚಿತ್ರದಲ್ಲಿ ಮೂಡುತ್ತದೆ. ಬರುವ ವಾಹನದ್ದು ಬಿಳಿ, ಹೋಗುವ ವಾಹನದ್ದು ಕೆಂಪು. ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದೆ. ಹೆಚ್ಚು ಹೊತ್ತು ತೆರೆದಿಟ್ಟರೆ ಗೆರೆ ಹೆಚ್ಚು ಬೆಳಗುತ್ತದೆಂದು ತಿಳಿದಿದ್ದೆ. ಹಾಗಾಗುವುದಿಲ್ಲ. ಓಡುವ ದೀಪ ಚಿತ್ರದ ಒಂದೊಂದು ಬಿಂದುವಿನಲ್ಲಿಯೂ ಕ್ಷಣ ಮಾತ್ರ ಇದ್ದು ಮುಂದೆ ಸಾಗುತ್ತದೆ. ಆಮೇಲೆ ನೀವು ಇಡೀ ರಾತ್ರಿ ಷಟರು ತೆರೆದಿಟ್ಟರೂ ಆ ಬಿಂದುವಿಗೆ ಅದು ಮರಳುವುದಿಲ್ಲ. ಗೆರೆಯ ಹೊಳಪು ದೀಪದ ಶಕ್ತಿ, ವಾಹನದ ವೇಗ, ಲೆನ್ಸಿನ ರಂಧ್ರ, ಇವುಗಳ ಲೆಕ್ಕ. ಹೊತ್ತು ಹೆಚ್ಚಿದಂತೆ ಬೆಳಗುವುದು ನಿಂತ ವಸ್ತುಗಳು ಮಾತ್ರ: ಗುಡ್ಡ, ಮರ, ಆಕಾಶ. ನಿಧಾನ ಹೋಗುವವನ ಗೆರೆ ದಪ್ಪ, ಧಾವಿಸುವವನದು ತೆಳುವು. ಬ್ರೇಕು ಒತ್ತಿದಲ್ಲಿ ಕೆಂಪು ಗೆರೆ ತಟ್ಟನೆ ಉಬ್ಬುತ್ತದೆ. ತಿರುವಿನ ಸೂಚನೆಯ ಕಿತ್ತಳೆ ದೀಪ ನಿಮಿಷಕ್ಕೆ ತೊಂಬತ್ತು ಸಲ ಮಿನುಗಿದರೆ, ಅದೇ ಅರವತ್ತರ ವೇಗದಲ್ಲಿ, ಹನ್ನೊಂದು ಮೀಟರಿಗೊಂದರಂತೆ ಮಣಿ ಪೋಣಿಸಿದ ಹಾಗೆ ಚುಕ್ಕೆಗಳು ಬೀಳುತ್ತವೆ. ಈಚಿನ ಎಲ್.ಇ.ಡಿ. ದೀಪಗಳಲ್ಲಿ ಎಷ್ಟೋ, ಕಣ್ಣಿಗೆ ಸ್ಥಿರವಾಗಿ ಕಂಡರೂ ನಿಜವಾಗಿ ಹತ್ತಿ ಆರಿ ಹತ್ತುತ್ತಿರುತ್ತವೆ. ಕ್ಯಾಮರಾ ಆ ಗುಟ್ಟನ್ನು ಬಯಲು ಮಾಡಿ ಗೆರೆಯನ್ನು ತುಂಡು ತುಂಡಾಗಿ ತೋರಿಸುತ್ತದೆ.

ಫಿಲ್ಮಿನ ಕಾಲದಲ್ಲಿ ಇದು ಕಷ್ಟದ ಹವ್ಯಾಸವಾಗಿತ್ತು. ದೀರ್ಘಕಾಲದ ಮಂದ ಬೆಳಕಿಗೆ ಫಿಲ್ಮು ಲೆಕ್ಕಕ್ಕೆ ತಕ್ಕಷ್ಟು ಸ್ಪಂದಿಸದೆ ಸೋಮಾರಿಯಾಗುತ್ತದೆ. ನಕ್ಷತ್ರಗಳ ಚಿತ್ರ ತೆಗೆಯುತ್ತ ಈ ಸೋಮಾರಿತನಕ್ಕೆ 1900ರ ಸುಮಾರಿನಲ್ಲಿ ಸೂತ್ರ ಕಟ್ಟಿದವನು ಕಾರ್ಲ್ ಶ್ವಾರ್ಜ್‌ಶಿಲ್ಡ್. ಮುಂದೆ ಕಪ್ಪು ಕುಳಿಯ ಗಣಿತದಿಂದ ಪ್ರಸಿದ್ಧನಾದವನೂ ಅವನೇ. ನನ್ನ ಮೊದಲ ಸುರುಳಿಯ ಮೂವತ್ತಾರು ಚಿತ್ರಗಳನ್ನು ಒಂದು ಸ್ಟುಡಿಯೋದವರು ‘ಏನೂ ಬಿದ್ದಿಲ್ಲ, ಬರೀ ಗೀರು’ ಎಂದು ಮುದ್ರಿಸದೆಯೇ ಹಿಂತಿರುಗಿಸಿದರು. ಆ ಗೀರುಗಳೇ ನನಗೆ ಬೇಕಾಗಿದ್ದವೆಂದು ಅವರಿಗೆ ಮನವರಿಕೆ ಮಾಡಿಕೊಡಲು ಒಂದು ಸಂಜೆ ಹಿಡಿಯಿತು.

ಬೆಳಕಿನ ಗೆರೆಯನ್ನು ಓದಬಹುದೆಂದು ತೋರಿಸಿದವರು ನನಗಿಂತ ಎಷ್ಟೋ ಹಿಂದಿನವರು. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಮತ್ತು ಅವನ ಹೆಂಡತಿ ಲಿಲಿಯನ್ 1914ರ ಸುಮಾರಿಗೆ ಕೆಲಸಗಾರರ ಕೈಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಷಟರು ತೆರೆದಿಟ್ಟು, ಕೈ ಎಲ್ಲಿ ವ್ಯರ್ಥವಾಗಿ ಸುತ್ತುತ್ತದೆಂದು ಗೆರೆಯಿಂದ ಕಂಡುಹಿಡಿಯುತ್ತಿದ್ದರು. ಅದಕ್ಕೂ ಹಿಂದೆ, 1838ರಲ್ಲಿ, ದಾಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಹಗಲಿನ ಬೀದಿ, ಗಾಡಿ, ಕುದುರೆ, ಜನ ಎಲ್ಲ ಇದ್ದಿರಲೇಬೇಕು. ಆದರೆ ಷಟರು ನಿಮಿಷಗಟ್ಟಲೆ ತೆರೆದಿದ್ದುದರಿಂದ ಚಲಿಸುತ್ತಿದ್ದವರಾರೂ ಚಿತ್ರಕ್ಕೆ ಸಿಗಲಿಲ್ಲ. ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತ ನಿಂತ ಒಬ್ಬ ಮನುಷ್ಯ ಮಾತ್ರ ಉಳಿದ. ನಮ್ಮ ರಾತ್ರಿಯ ಚಿತ್ರದಲ್ಲಿ ನಿಯಮ ಇನ್ನೂ ವಿಚಿತ್ರ. ದೀಪವಿದ್ದವನು ಎಷ್ಟು ಓಡಿದರೂ ಸಿಗುತ್ತಾನೆ. ದೀಪವಿಲ್ಲದವನು, ಆನೆಯಷ್ಟು ದೊಡ್ಡವನಿರಲಿ, ಕತ್ತಲೆಯ ರಸ್ತೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಹಳೆಯ ಚಿತ್ರಗಳಲ್ಲಿ ಎತ್ತಿನ ಗಾಡಿ ಒಂದೂ ಇಲ್ಲ, ಬುತ್ತಿ ಹೊತ್ತು ಮನೆಗೆ ಹೊರಟ ಕೂಲಿಯ ಹೆಂಗಸರಿಲ್ಲ. ಅವರೆಲ್ಲ ಆ ರಸ್ತೆಯ ಮೇಲಿದ್ದುದನ್ನು ನಾನು ಕಣ್ಣಾರೆ ಕಂಡವನು.

ಈಗ 2016ರ ಎಳ್ಳ ಅಮಾವಾಸ್ಯೆಯ ರಾತ್ರಿಗೆ ಬರುತ್ತೇನೆ. ಆ ಹಬ್ಬದ ದಿನ ನಮ್ಮ ಸೀಮೆಯ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಉಂಡು, ಸಂಜೆಗೆ ಮರಳುತ್ತಾರೆ. ಆದ್ದರಿಂದ ಅಂದು ರಸ್ತೆಯ ಮೇಲೆ ದೀಪಗಳು ಹೆಚ್ಚು. ಚಂದ್ರನಿಲ್ಲದ್ದರಿಂದ ಹಿನ್ನೆಲೆ ಕಪ್ಪು. ನನಗೆ ಬೇಕಾದದ್ದು ಅದೇ. ಕತ್ತಲಾಗುವ ಮುನ್ನವೇ ಮಸ್ಕಿಯ ಗುಡ್ಡದ ಒಂದು ಬಂಡೆಯ ಮೇಲೆ, ಸಿಂಧನೂರಿನ ಕಡೆಯ ರಸ್ತೆ ಉದ್ದಕ್ಕೂ ಕಾಣುವ ಜಾಗದಲ್ಲಿ ಮುಕ್ಕಾಲಿ ಹೂಡಿದ್ದೆ. ಮಸ್ಕಿಯೆಂದರೆ ತಮಗೆಲ್ಲ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ನೆಂದಷ್ಟೇ ಶಾಸನಗಳಲ್ಲಿ ಕಾಣಿಸುತ್ತಿದ್ದ ಅರಸನು ಅಶೋಕನೇ ಎಂಬುದು ಈ ಬಂಡೆಯ ಅಕ್ಷರಗಳಿಂದ ಖಚಿತವಾಯಿತು. ದಾರಿಯ ಬದಿಗೆ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಹೇಳಿಕೊಂಡ ಅರಸ ಅವನು. ಆ ಮಾತು ಬೇರೆ ಕಡೆಯ ಶಾಸನಗಳಲ್ಲಿದೆ, ಮಸ್ಕಿಯದರಲ್ಲಿಲ್ಲ; ಆದರೂ ಆ ಗುಡ್ಡದ ಮೇಲೆ ಕುಳಿತು ರಸ್ತೆ ನೋಡುವಾಗ ನೆನಪಾಗದಿರುವುದಿಲ್ಲ.

ಎಂಟು ಗಂಟೆಯ ಸುಮಾರಿಗೆ ಎರಡು ನಿಮಿಷದ ಒಂದು ಚಿತ್ರ ತೆಗೆದೆ. ಈಗಿನ ಕ್ಯಾಮರಾದ ಬೆನ್ನಿನ ಮೇಲೆ ಚಿತ್ರ ಕೂಡಲೇ ಕಾಣುವುದಷ್ಟೆ. ಹಿಗ್ಗಿಸಿ ನೋಡಿದೆ. ಬಿಳಿ ಗೆರೆಗಳು ಬಲಕ್ಕೆ, ಸಿಂಧನೂರಿನ ಕಡೆ ಹೋದ ಕೆಂಪು ಗೆರೆಗಳು ಎಡಕ್ಕೆ. ಆದರೆ ಸುಮಾರು ಒಂದೂವರೆ ಕಿಲೋಮೀಟರಿನಾಚೆ, ನೆಟ್ಟಗಿದ್ದ ರಸ್ತೆಯಲ್ಲಿ, ಕೆಂಪು ಗೆರೆಗಳೆಲ್ಲ ಒಂದೇ ಜಾಗದಲ್ಲಿ ಬಲಕ್ಕೆ ಬಾಗಿ ಮತ್ತೆ ಎಡಕ್ಕೆ ಸೇರಿದ್ದವು. ಹಳ್ಳದ ನೀರು ಬಂಡೆಗೆ ಬಳಸಿ ಹರಿದಂತೆ. ಬಂಡೆ ಮಾತ್ರ ಚಿತ್ರದಲ್ಲಿರಲಿಲ್ಲ.

ಮೊದಲು ಕ್ಯಾಮರಾ ಅಲುಗಿರಬೇಕೆಂದುಕೊಂಡೆ. ಅಲುಗಿದ್ದರೆ ಹಳ್ಳಿಯ ದೀಪಗಳೂ ಅಲುಗಬೇಕಿತ್ತು. ಅವು ಸೂಜಿಯ ಮೊನೆಯಂತೆ ಇದ್ದವು. ರಸ್ತೆಯ ತಗ್ಗೇ? ಅಂದು ಮಧ್ಯಾಹ್ನ ಅದೇ ದಾರಿಯಲ್ಲಿ ಸ್ಕೂಟರಿನ ಮೇಲೆ ಬಂದಿದ್ದೆ, ಅಲ್ಲಿ ತಗ್ಗಿರಲಿಲ್ಲ. ಇನ್ನೂ ಹಿಗ್ಗಿಸಿದೆ. ಒಂದು ಜೋಡಿ ಗೆರೆ ಬಾಗುವುದಕ್ಕೆ ಸ್ವಲ್ಪವೇ ಮೊದಲು ಉಬ್ಬಿ ಗಂಟಾಗಿತ್ತು. ಯಾರೋ ಕೊನೆಯ ಗಳಿಗೆಯಲ್ಲಿ ಬ್ರೇಕು ತುಳಿದಿದ್ದರು. ಕಿತ್ತಳೆಯ ಚುಕ್ಕೆ ಒಂದೂ ಇರಲಿಲ್ಲ. ಅಂದರೆ ಯಾರಿಗೂ ಮುಂಚಿತವಾಗಿ ಅದು ಕಂಡಿರಲಿಲ್ಲ.

ಕೇಳುಗ ಮಹನೀಯರೆ, 1994ರಲ್ಲಿ ನನ್ನ ತಮ್ಮ ಲಿಂಗಸುಗೂರಿನಿಂದ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದಾಗ ಇದೇ ರಸ್ತೆಯಲ್ಲಿ, ದೀಪವಿಲ್ಲದೆ ನಿಂತ ಒಂದು ಟ್ರ್ಯಾಲಿಗೆ ಹಿಂದಿನಿಂದ ಬಡಿದು ತೀರಿಕೊಂಡ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದಿತ್ತು. ಬೆಳಕು ಹಾಯ್ದುಹೋದ ಮೇಲೆ ಕಣ್ಣು ಮತ್ತೆ ಕತ್ತಲೆಗೆ ಒಗ್ಗಲು ಒಂದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಬಂಡಿ ಎಷ್ಟೋ ದೂರ ಹೋಗಿರುತ್ತದೆ. ಅವನಿಗೆ ಆಗ ಇಪ್ಪತ್ತಾರು ವರ್ಷ. ಆಮೇಲೆ ಆರು ವರ್ಷ ನಾನು ಕ್ಯಾಮರಾ ಮುಟ್ಟಲಿಲ್ಲ. ಮತ್ತೆ ಮುಟ್ಟಿದಾಗ ಇದೇ ರಸ್ತೆಗೆ ಏಕೆ ಬಂದೆನೆಂದು ಮನೆಯವರು ಕೇಳಿದ್ದುಂಟು. ಉತ್ತರ ಹೇಳಲು ನನಗೆ ಬರಲಿಲ್ಲ, ಈಗಲೂ ಬರುವುದಿಲ್ಲ.

ಕ್ಯಾಮರಾವನ್ನು ಬಂಡೆಯ ಮೇಲೆಯೇ ಬಿಟ್ಟು ಇಳಿದೆ. ಕತ್ತಲಲ್ಲಿ ಗುಡ್ಡ ಇಳಿಯಲು ಕಾಲು ಗಂಟೆ ಹಿಡಿಯಿತು. ಮೊಣಕಾಲು ಒಮ್ಮೆ ಬಂಡೆಗೆ ತಾಗಿತು. ಸ್ಕೂಟರನ್ನು ನಿಧಾನ ನಡೆಸುತ್ತ ಹೋದರೂ, ಹುಡುಕುತ್ತಲೇ ಹೋದರೂ, ಹತ್ತು ಮಾರು ದೂರಕ್ಕೆ ಬರುವವರೆಗೆ ನನಗೂ ಅದು ಕಾಣಲಿಲ್ಲ.

ಹತ್ತಿಯ ಅಂಡಿಗೆ ಹೇರಿದ ಟ್ರ್ಯಾಲಿ. ಟೈರು ಹೋಗಿತ್ತು. ಟ್ರ್ಯಾಕ್ಟರನ್ನು ಕಳಚಿಕೊಂಡು, ಗಾಲಿ ಹೇರಿಕೊಂಡು, ಚಾಲಕ ಪಂಕ್ಚರು ಹಾಕಿಸಲು ಹೋಗಿದ್ದ. ಟ್ರ್ಯಾಕ್ಟರಿಲ್ಲದ ಟ್ರ್ಯಾಲಿಗೆ ದೀಪವೆಲ್ಲಿಯದು? ಹಿಂದೆ ಎರಡು ಕೆಂಪು ಪ್ರತಿಫಲಕಗಳಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಇದ್ದವು, ನಾನು ಕೈಯಿಟ್ಟು ನೋಡಿದೆ. ಹೊರಚಾಚಿ ಇಳಿಬಿದ್ದ ತಾಡಪತ್ರಿಯ ಅಡಿಯಲ್ಲಿ ಭದ್ರವಾಗಿ ಮುಚ್ಚಿಹೋಗಿದ್ದವು. ಹಿಂದುಗಡೆ ನಾಲ್ಕು ಕಲ್ಲು ಇಟ್ಟಿದ್ದರು. ನಮ್ಮ ಕಡೆ ಇದೊಂದು ಪದ್ಧತಿ: ಕೆಟ್ಟ ವಾಹನಕ್ಕೆ ಕಾವಲಾಗಿ ಕಲ್ಲಿಡುವುದು, ವಾಹನ ಹೋದ ಮೇಲೆ ಕಲ್ಲನ್ನು ಅಲ್ಲಿಯೇ ಬಿಡುವುದು.

ಅಂಡಿಗೆಗೆ ಬೆನ್ನು ಕೊಟ್ಟು, ರಸ್ತೆಯ ಮೇಲೆ, ಆ ಕಲ್ಲುಗಳ ನಡುವೆ ಹನ್ನೆರಡು ವರ್ಷದ ಒಬ್ಬ ಹುಡುಗ ಕಂಬಳಿ ಹೊದ್ದು ಕುಳಿತಿದ್ದ. ಮಾಲು ಕಾಯಲು ಬಿಟ್ಟುಹೋಗಿದ್ದರಂತೆ. ನನ್ನ ದನಿ ಆಗ ಸ್ವಲ್ಪ ಏರಿತೆಂದು ಒಪ್ಪಿಕೊಳ್ಳಬೇಕು. ಅವನನ್ನು ರಸ್ತೆಯಿಂದ ಎಬ್ಬಿಸಿ ಹೊಲದ ಬದುವಿನ ಮೇಲೆ ಕೂರಿಸಿದೆ. ರಾತ್ರಿ ಕ್ಯಾಮರಾದ ಗುಂಡಿಗಳನ್ನು ನೋಡಿಕೊಳ್ಳಲು ಕೆಂಪು ಕಾಗದ ಸುತ್ತಿದ ಟಾರ್ಚೊಂದು ನನ್ನ ಬಳಿ ಯಾವಾಗಲೂ ಇರುತ್ತದೆ. ಕೆಂಪು ಬೆಳಕಿಗೆ ಕಣ್ಣು ಕತ್ತಲೆಯ ರೂಢಿಯನ್ನು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಅದನ್ನು ಹಗ್ಗಕ್ಕೆ ಸಿಕ್ಕಿಸಿ ಟ್ರ್ಯಾಲಿಯ ಹಿಂದೆ ಕಟ್ಟಿದೆ. ನನ್ನ ಅವಸರ ನೋಡಿ ಹುಡುಗ, ಎಲ್ಲಿಂದ ಬಂದಿರೆಂದು ಕೇಳಿದ. ಗುಡ್ಡದ ಮೇಲಿಂದ ಫೋಟೋ ತೆಗೆಯುತ್ತಿದ್ದೆ, ಅದರಲ್ಲಿ ನಿಮ್ಮ ಟ್ರ್ಯಾಲಿ ಗೊತ್ತಾಯಿತು ಎಂದೆ.

‘ನಾನೂ ಅದರಾಗ ಬಂದೀನೇನ್ರಿ?’ ಎಂದ.

ಇಲ್ಲವೆಂದೆ. ಅವನ ಮುಖ ಕಾಣದಿದ್ದರೂ ಬೇಸರವಾದದ್ದು ತಿಳಿಯಿತು. ಇನ್ನು ಅರ್ಧ ಗಂಟೆಯ ಮೇಲೆ, ಯಾವ ವಾಹನವೂ ಬರದಿದ್ದಾಗ, ಟಾರ್ಚು ಬಿಚ್ಚಿಕೊಂಡು ಬದುವಿನ ಮೇಲೆ ನಿಂತು ಗುಡ್ಡದ ಕಡೆಗೆ ಅದನ್ನು ಚಕ್ರದಂತೆ ತಿರುಗಿಸು, ಆಮೇಲೆ ಮರೆಯದೆ ಮತ್ತೆ ಕಟ್ಟು ಎಂದು ಹೇಳಿ ಹೊರಟೆ.

ಎರಡನೆಯ ಚಿತ್ರದಲ್ಲಿ ಕೆಂಪು ಚುಕ್ಕೆಯೊಂದು ನಿಶ್ಚಲವಾಗಿ ನಿಂತಿದೆ. ಗೆರೆಗಳು ಈಗಲೂ ಬಾಗಿವೆ, ಆದರೆ ಬಹಳ ಹಿಂದಿನಿಂದಲೇ, ಸಾವಕಾಶವಾಗಿ. ಎರಡು ಗೆರೆಗಳ ಪಕ್ಕದಲ್ಲಿ ಕಿತ್ತಳೆಯ ಮಣಿಗಳೂ ಇವೆ. ಮೂರನೆಯದರಲ್ಲಿ ವಾಹನಗಳಿಲ್ಲ. ರಸ್ತೆಯ ಎಡಕ್ಕೆ, ಗೋಧಿಯ ಕಾಳಿನಷ್ಟು ದೊಡ್ಡದಾದ ಕೆಂಪು ಉಂಗುರವೊಂದಿದೆ. ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿಸಿದ್ದೇನೆ. ನೋಡಿದವರು ಮೊದಲನೆಯದೇ ಚೆನ್ನಾಗಿದೆಯೆನ್ನುತ್ತಾರೆ.

ಆ ರಾತ್ರಿ ಮಸ್ಕಿಯಲ್ಲಿಯೇ ಉಳಿದು ಬೆಳಿಗ್ಗೆ ಸಿಂಧನೂರಿಗೆ ಹೊರಟಾಗ ಟ್ರ್ಯಾಲಿ ಹೋಗಿತ್ತು, ನನ್ನ ಟಾರ್ಚೂ ಹೋಗಿತ್ತು. ನಾಲ್ಕು ಕಲ್ಲುಗಳು ಇದ್ದಲ್ಲಿಯೇ ಇದ್ದವು. ಸ್ಕೂಟರು ನಿಲ್ಲಿಸಿ ಒಂದೊಂದನ್ನೇ ಎತ್ತಿ ಬದುವಿನಾಚೆ ಹಾಕಿದೆ.