ಜೋಡಿಸಿದ ಬ್ಯಾಟರಿಗಳ ಜೋಪಾನ

ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಷಯವಾಗಿ ಮಾತನಾಡುವುದು ನನ್ನ ನಿತ್ಯದ ಕೆಲಸ. ಈ ಹೊತ್ತು ಹೊಲದ ಮಾತನ್ನು ತುಸು ಬದಿಗಿಟ್ಟು, ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿರುವ ಬ್ಯಾಟರಿಯ ಮಾತನ್ನು ಎತ್ತಿಕೊಂಡಿದ್ದೇನೆ. ಅದರಲ್ಲಿಯೂ ಒಂದಕ್ಕೊಂದು ಜೋಡಿಸಿದ ಬ್ಯಾಟರಿಗಳ ಮಾತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಬಹಳ ಮಂದಿ ಊರು ಬಿಟ್ಟು ತೋಟದ ಮನೆಗಳಲ್ಲಿಯೇ ಇದ್ದಾರೆ. ಸುತ್ತಲೂ ಕಬ್ಬು, ನಡುವೆ ಮನೆ, ಮಗ್ಗಲಿಗೆ ದನದ ಕೊಟ್ಟಿಗೆ. ಕರೆಂಟು ಯಾವಾಗ ಬಂದೀತು, ಯಾವಾಗ ಹೋದೀತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ತುಂಬಿ ಬಂದಾಗ ದಂಡೆಯ ಊರುಗಳು ಕತ್ತಲೆಯಲ್ಲಿ ಕುಳಿತದ್ದನ್ನು ನಾವು ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಮನೆಗೆ ಬೆಳಕು, ಮೊಬೈಲಿಗೆ ಜೀವ, ಎರಡೂ ಬ್ಯಾಟರಿಯಿಂದಲೇ. ಆದ್ದರಿಂದ ಇದು ಪೇಟೆಯವರ ಷೋಕಿಯಲ್ಲ; ನೇಗಿಲು, ಕುಂಟೆಗಳ ಹಾಗೆ ಒಕ್ಕಲುತನದ ಸಾಮಾನೇ. ಬೆಲೆಯೂ ಕಡಿಮೆಯದಲ್ಲ. ಹಾಗಿದ್ದ ಮೇಲೆ ಅದನ್ನು ಜೋಪಾನ ಮಾಡುವುದು ಜಾಣತನ.

ಒಬ್ಬ ಹಿರಿಯರು ನನ್ನನ್ನು ಹೀಗೆ ಕೇಳಿದರು: “ಸಾಹೇಬ್ರ, ನಮ್ಮ ಇನ್‌ವರ್ಟರಿಗೆ ಎರಡು ಬ್ಯಾಟರಿ ಅದಾವ. ಒಂದು ಕೆಟ್ಟಿತ್ತು, ಹೊಸಾದು ತಂದು ಹಚ್ಚಿದ್ವಿ. ಎರಡು ವರ್ಷ ತುಂಬೂದ್ರಾಗ ಆ ಹೊಸಾದೂ ಕೆಟ್ಟೈತಿ. ಅಂಗಡಿಯವ ಮೋಸ ಮಾಡಿದ್ನೋ ಏನು?”

“ಕಾಕಾ, ಜೊತೀಗೆ ಉಳಿದಿದ್ದ ಹಳೇದಕ್ಕ ಎಷ್ಟು ವಯಸ್ಸು?” ಎಂದೆ.

“ಐದು ವರ್ಷ ಆಗಿತ್ರಿ.”

“ಹಂಗಾದ್ರ ಅಂಗಡಿಯವನನ್ನ ಬೈಯಬ್ಯಾಡ್ರಿ. ಜೋಡಿ ಕೂಡಲಿಲ್ಲ, ಅದಕ್ಕ ಕೆಟ್ಟಿತು.”

ಜೋಡಿ ಕೂಡುವುದು ಎಂದರೇನು? ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೀಸದ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಕಂಡುಹಿಡಿದನು. ಇಂದಿಗೂ ನಮ್ಮ ಟ್ರ್ಯಾಕ್ಟರಿನಲ್ಲಿ, ಇನ್‌ವರ್ಟರಿನಲ್ಲಿ ಹೆಚ್ಚಾಗಿ ಇರುವುದು ಅದೇ ಜಾತಿಯದು. ಹೊರಗಿನಿಂದ ಒಂದೇ ಪೆಟ್ಟಿಗೆಯಂತೆ ಕಂಡರೂ ಒಳಗೆ ಆರು ಕೋಣೆಗಳಿವೆ. ಇವಕ್ಕೆ ಸೆಲ್ ಎನ್ನುತ್ತಾರೆ. ಒಂದೊಂದು ಸೆಲ್ಲಿನಲ್ಲಿ ಸೀಸದ ಫಲಕಗಳು, ಆ್ಯಸಿಡ್ ಬೆರೆತ ನೀರು. ಒಂದು ಸೆಲ್ಲಿಗೆ 2 ವೋಲ್ಟಿನಂತೆ ಆರಕ್ಕೆ 12 ವೋಲ್ಟ್. ಇಂಥ ಎರಡು ಬ್ಯಾಟರಿಗಳಲ್ಲಿ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟಿದರೆ 24 ವೋಲ್ಟ್ ಆಗುತ್ತದೆ. ಇದಕ್ಕೆ ಸೀರೀಸ್ ಜೋಡಣೆ ಎನ್ನುತ್ತಾರೆ. ಈ ಜೋಡಣೆಯಲ್ಲಿ ಮೊದಲನೆಯದರೊಳಗೆ ಎಷ್ಟು ಕರೆಂಟು ಹರಿಯುತ್ತದೆಯೋ ಎರಡನೆಯದರೊಳಗೂ ಅಷ್ಟೇ ಹರಿಯುತ್ತದೆ. ಒಂದು ನೊಗಕ್ಕೆ ಹೂಡಿದ ಎರಡು ಎತ್ತುಗಳಂತೆ, ಒಂದು ನಡೆದಷ್ಟೇ ಇನ್ನೊಂದೂ ನಡೆಯಬೇಕು.

ಈಗ ಹರೆಯದ ಎತ್ತಿನ ಜೋಡಿಗೆ ಮುದಿ ಎತ್ತನ್ನು ಹೂಡಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡೋಣ. ಹೊಸ ಬ್ಯಾಟರಿಯ ಶಕ್ತಿ 150 ಆಂಪಿಯರ್ ತಾಸು. ಹಳೆಯದರ ಹೆಸರಿಗೂ 150, ಆದರೆ ಒಳಗೆ ಸವೆದು 90 ಉಳಿದಿದೆ ಎನ್ನಿರಿ. ದೀಪ, ಫ್ಯಾನು, ಟಿ.ವಿ. ಎಲ್ಲ ಸೇರಿ 240 ವ್ಯಾಟ್ ಎಳೆಯುತ್ತವೆ. 24 ವೋಲ್ಟಿನಲ್ಲಿ ಅದು ಸುಮಾರು 10 ಆಂಪಿಯರ್. ಒಂಬತ್ತು ತಾಸಿಗೆ ಹಳೆಯದು ಖಾಲಿ. ಹೊಸದರಲ್ಲಿ ಇನ್ನೂ 60 ಉಳಿದಿದೆ. ಇನ್‌ವರ್ಟರು ಒಂದೊಂದನ್ನೂ ಬೇರೆ ಬೇರೆ ನೋಡುವುದಿಲ್ಲ, ಎರಡರ ಮೊತ್ತವನ್ನಷ್ಟೇ ನೋಡುತ್ತದೆ. ಹೊಸದು 12.2, ಹಳೆಯದು 10 ವೋಲ್ಟ್ ಇದ್ದರೂ ಮೊತ್ತ 22.2. “ಇನ್ನೂ ಐತಿ” ಎಂದು ತಿಳಿದು ಅದು ಎಳೆಯುತ್ತಲೇ ಇರುತ್ತದೆ. ಬಿದ್ದ ಎತ್ತನ್ನು ನೊಗದ ಸಂಗಡ ಎಳೆದೊಯ್ದಂತೆ ಆಗುತ್ತದೆ.

ತುಂಬುವಾಗಲೂ ಇದೇ ಪಾಡು. ಎರಡೂ ಸಮನಾಗಿದ್ದರೆ ಚಾರ್ಜರಿನ 28.8 ವೋಲ್ಟ್ ಎರಡಕ್ಕೂ 14.4ರಂತೆ ಹಂಚಿಹೋಗುತ್ತದೆ. ಆದರೆ ಸವೆದ ಬ್ಯಾಟರಿಯ ವೋಲ್ಟೇಜು ಬೇಗ ಏರುತ್ತದೆ. ಅದು 15.4ಕ್ಕೆ ಹೋಗಿ ಬುಳುಬುಳು ಕುದಿಯುತ್ತಿರುವಾಗ ಹೊಸದು 13.4ರಲ್ಲಿಯೇ ನಿಂತಿರುತ್ತದೆ. ಮೊತ್ತ ಮಾತ್ರ ಸರಿಯಾಗಿ 28.8! ಚಾರ್ಜರು “ತುಂಬಿತು” ಎಂದು ಕೈ ಬಿಡುತ್ತದೆ. ಒಂದಕ್ಕೆ ಅಜೀರ್ಣ, ಇನ್ನೊಂದಕ್ಕೆ ಅರೆಹೊಟ್ಟೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಲ್ಲಿ ಸರಿಹೊಂದುತ್ತದೆ.

ಹಳೆಯದರಲ್ಲಿ ಒಂದು ಸೆಲ್ ಪೂರ್ತಿ ಸತ್ತುಹೋಗಿದ್ದರೆ ಕೇಡು ಇನ್ನೂ ಹೆಚ್ಚು. ಹನ್ನೆರಡು ಸೆಲ್ಲುಗಳು 2.4 ವೋಲ್ಟಿನಂತೆ ಹಂಚಿಕೊಳ್ಳುತ್ತಿದ್ದುದನ್ನು ಹನ್ನೊಂದೇ ಸೆಲ್ಲುಗಳು 2.6ಕ್ಕಿಂತ ಹೆಚ್ಚಾಗಿ ಹಂಚಿಕೊಳ್ಳಬೇಕಾಗುತ್ತದೆ. ಆಗ ಒಳ್ಳೆಯವೂ ಕಾಯ್ದು, ನೀರು ಆರಿ ಹಾಳಾಗುತ್ತವೆ.

ಅರೆಹೊಟ್ಟೆಯಲ್ಲಿ ಉಳಿದ ಹೊಸ ಬ್ಯಾಟರಿಗೇನಾಗುತ್ತದೆ? ಅದರ ಫಲಕಗಳ ಮೇಲೆ ಬಿಳಿಯ ಹರಳು ಗಟ್ಟಿಯಾಗಿ ಕೂಡುತ್ತದೆ. ಕಬ್ಬಿಗೆ ಮಿತಿ ಮೀರಿ ನೀರು ಹಾಯಿಸಿ ಸವಳು ಬಿದ್ದ ಭೂಮಿಯನ್ನು ನೀವು ಬಲ್ಲಿರಿ. ಮೇಲೆ ಬಿಳಿ ಪೊರೆ ಬಂದ ಮೇಲೆ ಬೀಜ ಹಾಕಿದರೂ ಹುಟ್ಟುವುದಿಲ್ಲ. ಹಾಗೆಯೇ ಹರಳು ಕಟ್ಟಿದ ಫಲಕ ಕರೆಂಟನ್ನು ಹಿಡಿಯುವುದಿಲ್ಲ. ಕಾಕಾನವರ ಹೊಸ ಬ್ಯಾಟರಿ ಕೆಟ್ಟುದು ಹೀಗೆ.

ಆದ್ದರಿಂದ ಮೊದಲನೆಯ ಮಾತು: ಸೀರೀಸ್ ಜೋಡಿಗೆ ಎರಡೂ ಒಂದೇ ಕಂಪನಿ, ಒಂದೇ ಜಾತಿ, ಒಂದೇ ಅಳತೆ, ಒಂದೇ ವಯಸ್ಸಿನವು ಇರಲಿ. ಕೊಳ್ಳುವಾಗ ಮೈಮೇಲಿನ ತಯಾರಿಯ ತಿಂಗಳನ್ನು ಓದಿಸಿಕೊಳ್ಳಿರಿ. ಒಂದು ಬೇಗ ಕೆಟ್ಟು ಇನ್ನೊಂದು ವರ್ಷದೊಳಗಿನದಾಗಿದ್ದರೆ, ಅದನ್ನು ಪರೀಕ್ಷೆ ಮಾಡಿಸಿ ಜೋಡಿ ಕೂಡಿಸಬಹುದು. ಬಹಳ ವರ್ಷದ್ದಾದರೆ ಎರಡನ್ನೂ ಕೂಡಿಯೇ ಬದಲಿಸುವುದು ಕೊನೆಗೆ ಸೋವಿ ಬೀಳುತ್ತದೆ. ಉಳಿದ ಹಳೆಯದನ್ನು 12 ವೋಲ್ಟಿನ ಒಂಟಿ ಕೆಲಸಕ್ಕೆ, ಉದಾಹರಣೆಗೆ ಕೊಟ್ಟಿಗೆಯ ದೀಪಕ್ಕೆ, ತಕ್ಕ ಚಾರ್ಜರಿನ ಸಂಗಡ ಹಚ್ಚಿರಿ.

ಎರಡನೆಯ ಮಾತು: 24 ವೋಲ್ಟಿನ ಜೋಡಿಯಲ್ಲಿ ಒಂದೇ ಬ್ಯಾಟರಿಯಿಂದ ತಂತಿ ಎಳೆದು 12 ವೋಲ್ಟಿನ ದೀಪ ಹಚ್ಚಬೇಡಿರಿ. ಬೇಲಿಗೆ ಝಟಕಾ ಕೊಡುವ ಯಂತ್ರವನ್ನೂ ಹಾಗೆ ಹಚ್ಚಬೇಡಿರಿ. “ಸಣ್ಣ ದೀಪ ಐತಿ, ಎಷ್ಟು ತಿಂದೀತು?” ಎನ್ನುತ್ತೀರಿ. ದಿನಾಲು ಒಂದರ ಹೊಟ್ಟೆಯಿಂದಷ್ಟೇ ತೆಗೆಯುತ್ತಾ ಹೋದರೆ ಸಮ ಜೋಡಿಯೂ ಕೆಲವು ವಾರಗಳಲ್ಲಿ ಬೆಸ ಆಗುತ್ತದೆ. 24ರಿಂದ 12 ಮಾಡುವ ಕನ್ವರ್ಟರ್ ಪೇಟೆಯಲ್ಲಿ ಸಿಗುತ್ತದೆ, ಅದನ್ನು ಉಪಯೋಗಿಸಿರಿ.

ಇನ್ನು ನಿಮ್ಮ ಜೋಡಿ ಸಮ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಮಲ್ಟಿಮೀಟರ್ ಸಾಕು. ರಾತ್ರಿ ಪೂರ್ತಿ ಚಾರ್ಜ್ ಮಾಡಿರಿ. ಇನ್‌ವರ್ಟರು ಬಂದು ಮಾಡಿ, ತಂತಿ ಬಿಡಿಸಿ, ನಾಲ್ಕಾರು ತಾಸು ಸುಮ್ಮನೆ ಬಿಡಿರಿ. ಅನಂತರ ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಿರಿ. 12.6ರಿಂದ 12.8 ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 11.9ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಎರಡರ ನಡುವೆ 0.1 ವೋಲ್ಟಿನೊಳಗೆ ಅಂತರವಿದ್ದರೆ ಚಿಂತೆಯಿಲ್ಲ. 0.2 ದಾಟಿದರೆ ಸಮ ಮಾಡಬೇಕು. ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳನ್ನು ನೋಡಿಸಬಹುದು. ಒಂದು 1.240 ತೋರಿಸಿ ಇನ್ನೊಂದು 1.210ಕ್ಕಿಂತ ಕೆಳಗಿದ್ದರೆ ಆ ಸೆಲ್ಲು ಹಿಂದೆ ಬಿದ್ದಿದೆ ಎಂದೇ ಅರ್ಥ. ಒಂದರಲ್ಲಿ ಮಾತ್ರ ಮೇಲಿಂದ ಮೇಲೆ ನೀರು ಆರುವುದು, ಒಂದರ ಮೈ ಮಾತ್ರ ಬಿಸಿಯಾಗುವುದು, ಇವೂ ಬೆಸ ಜೋಡಿಯ ಗುರುತುಗಳೇ.

ಸಮ ಮಾಡುವ ರೀತಿ ಸುಲಭ. ಎರಡನ್ನೂ ಬಿಡಿಸಿ, 12 ವೋಲ್ಟಿನ ಚಾರ್ಜರಿನಿಂದ ಒಂದೊಂದನ್ನೇ ಪೂರ್ತಿ ತುಂಬಿಸಿರಿ. ಬ್ಯಾಟರಿ ಅಂಗಡಿಗಳಲ್ಲಿ ಈ ಕೆಲಸ ಮಾಡಿಕೊಡುತ್ತಾರೆ. ಎರಡೂ ತುಂಬಿದ ಮೇಲೆ ಮತ್ತೆ ಜೋಡಿಸಿರಿ. ಕೆಲವು ಚಾರ್ಜರುಗಳಲ್ಲಿ ಸಮ ಮಾಡುವ ವಿಶೇಷ ಚಾರ್ಜು ಇರುತ್ತದೆ. ಅದರಲ್ಲಿ ವೋಲ್ಟೇಜು ಹೆಚ್ಚು, ಆದ್ದರಿಂದ ಅದು ನೀರು ಹಾಕುವ ಬ್ಯಾಟರಿಗೆ ಮಾತ್ರ; ಮುಚ್ಚಳವಿಲ್ಲದ ಸೀಲ್ ಬ್ಯಾಟರಿಗೆ ಕೂಡದು. ಬ್ಯಾಲೆನ್ಸರ್ ಎಂಬ ಸಣ್ಣ ಉಪಕರಣವೂ ಬಂದಿದೆ. ಎರಡು ಬ್ಯಾಟರಿಗಳ ನಡುವೆ ಹಚ್ಚಿದರೆ ಹೆಚ್ಚಿದ್ದರಿಂದ ತೆಗೆದು ಕಡಿಮೆ ಇದ್ದುದಕ್ಕೆ ಕೊಡುತ್ತದೆ. ಸಣ್ಣ ಅಂತರವನ್ನು ಅದು ಸರಿದೂಗಿಸುತ್ತದೆ. ಮುದಿ ಎತ್ತಿಗೆ ಹರೆಯ ಕೊಡಲಾರದು. ಸಮ ಮಾಡಿದ ಒಂದೆರಡು ವಾರದಲ್ಲಿ ಮತ್ತೆ ಅಷ್ಟೇ ಅಂತರ ಬಂದರೆ ಆ ಬ್ಯಾಟರಿಯ ಕಾಲ ಮುಗಿಯಿತೆಂದು ತಿಳಿಯಿರಿ.

ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟುವುದು ಇನ್ನೊಂದು ರೀತಿ. ಇದು ಪ್ಯಾರಲಲ್ ಜೋಡಣೆ. ಇಲ್ಲಿ ವೋಲ್ಟು 12 ಇದ್ದಷ್ಟೇ ಇದ್ದು ಬಾಳಿಕೆ ಮಾತ್ರ ಹೆಚ್ಚುತ್ತದೆ. ಇದು ಎರಡು ನೀರಿನ ತೊಟ್ಟಿಗಳಿಗೆ ನಡುವೆ ಪೈಪು ಹಾಕಿದಂತೆ, ಮಟ್ಟ ತಾನಾಗಿಯೇ ಸಮ ಆಗುತ್ತದೆ. ಆದರೆ ಒಂದು ತುಂಬಿ ಇನ್ನೊಂದು ಬರಿದಾಗಿದ್ದಾಗ ಪೈಪು ಹಾಕಿದರೆ ನೀರು ಹೇಗೆ ನುಗ್ಗುತ್ತದೆಯೋ ಕರೆಂಟೂ ಹಾಗೆಯೇ ನುಗ್ಗಿ ತಂತಿ ಕಾಯುತ್ತದೆ, ಕಿಡಿ ಹಾರುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ತುಂಬಿಸಿ, ವೋಲ್ಟು ಸಮ ಬಂದ ಮೇಲೆಯೇ ಕಟ್ಟಿಸಿರಿ. ಇನ್‌ವರ್ಟರಿನ ಪ್ಲಸ್ ತಂತಿ ಒಂದರಿಂದ, ಮೈನಸ್ ತಂತಿ ಇನ್ನೊಂದರಿಂದ ಬರಲಿ. ಆಗ ಎರಡೂ ಸಮನಾಗಿ ದುಡಿಯುತ್ತವೆ.

ಈಗ ಎಣ್ಣೆ ಹೊಡೆಯುವ ಬ್ಯಾಟರಿ ಪಂಪಿನ ಮಾತು. ದ್ರಾಕ್ಷಿ, ಅರಿಷಿಣ, ತಂಬಾಕು ಮಾಡುವವರ ಮನೆಯಲ್ಲಿ ಇದು ಇದ್ದೇ ಇದೆ. ಕೆಲವದರಲ್ಲಿ ಸೀಸದ ಸೀಲ್ ಬ್ಯಾಟರಿ, ಕೆಲವದರಲ್ಲಿ ಲಿಥಿಯಂ. ಲಿಥಿಯಂನಲ್ಲಿಯೂ ಜಾತಿಗಳಿವೆ. ಫಾಸ್ಫೇಟ್ ಜಾತಿಯದರಲ್ಲಿ ಒಂದು ಸೆಲ್ಲಿಗೆ 3.2 ವೋಲ್ಟ್, ನಾಲ್ಕಕ್ಕೆ 12.8. ಯಾವ ಸೆಲ್ಲೂ 3.65 ದಾಟಬಾರದು. ಇದನ್ನು ಕಾಯಲು ಒಳಗೆ ಬಿ.ಎಂ.ಎಸ್. ಎಂಬ ಹಸಿರು ಪಟ್ಟಿ ಇರುತ್ತದೆ. ಅದು ಒಂದೊಂದು ಸೆಲ್ಲನ್ನೂ ನೋಡುತ್ತದೆ. ಮಿತಿ ಮೀರಿದರೆ ಕರೆಂಟು ಕಡಿಯುತ್ತದೆ. ಅನೇಕ ಪಟ್ಟಿಗಳು ಮುಂದೆ ಹೋದ ಸೆಲ್ಲಿನ ಹೆಚ್ಚಳವನ್ನು ಶಾಖವಾಗಿ ಕಳೆದು ಹಿಂದಿನವು ಬರುವ ತನಕ ತಡೆಯುತ್ತವೆ. ಈ ಕೆಲಸ ಹೆಚ್ಚಾಗಿ ನಡೆಯುವುದು ಬ್ಯಾಟರಿ ತುಂಬುವ ಕೊನೆಗೆ. ಆದ್ದರಿಂದ ಆಗಾಗ ಪೂರ್ತಿ ಹಸಿರು ದೀಪ ಬರುವವರೆಗೆ ತುಂಬಿಸಿರಿ. ಪಂಪು ನಿಂತಿತೆಂದು ಆ ಪಟ್ಟಿಯನ್ನು ತೆಗೆದು ನೇರ ತಂತಿ ಹಚ್ಚಿಸಬೇಡಿರಿ, ಒಂದೆರಡು ಬಿಡಿ ಸೆಲ್ಲು ಸೇರಿಸಬೇಡಿರಿ. ಲಿಥಿಯಂ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಪಂಪು ಇರುವುದು ನಿಮ್ಮ ಬೆನ್ನ ಮೇಲೆ! ಲಿಥಿಯಂ ಮತ್ತು ಸೀಸ ಇವೆರಡನ್ನು ಒಂದಕ್ಕೊಂದು ಎಂದಿಗೂ ಜೋಡಿಸಬಾರದು. ಸೀಸದ ಚಾರ್ಜರನ್ನು ಲಿಥಿಯಂಗೆ ಹಚ್ಚಬಾರದು.

ತಾಯಂದಿರಿಗೆ ನಾಲ್ಕು ಮಾತು. ಸೀಸದ ಬ್ಯಾಟರಿ ತುಂಬುವಾಗ ಹೊರಡುವ ಗಾಳಿ ಬೆಂಕಿ ಕಂಡರೆ ಸಿಡಿಯುವಂಥದು. ಒಲೆಯ ಹತ್ತಿರ, ದೇವರ ದೀಪದ ಹತ್ತಿರ, ಮಕ್ಕಳು ಮಲಗುವ ಕೋಣೆಯಲ್ಲಿ ಅದನ್ನು ಇಡಬೇಡಿರಿ. ಗಾಳಿಯಾಡುವ ಜಾಗ ಇರಲಿ. ಕಡಿಮೆಯಾದಾಗ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ಹಾಕಿರಿ. ಬೋರಿನ ನೀರು, ಆ್ಯಸಿಡ್ ಬೇಡ. ತಂತಿ ಬಿಡಿಸುವವರು ಬಳೆ, ಉಂಗುರ ತೆಗೆದಿಟ್ಟು ಮೊದಲು ಮೈನಸ್ಸನ್ನು ಬಿಚ್ಚಲಿ. ಆ್ಯಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ಶುದ್ಧ ನೀರಿನಿಂದ ತೊಳೆದು ಡಾಕ್ಟರರಲ್ಲಿಗೆ ಹೋಗಿರಿ.

ಕೆಟ್ಟ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಸೀಸ ತೆಗೆಯಬೇಡಿರಿ. ಸೀಸ ಹೊಟ್ಟೆಗೆ ಹೋದರೆ ಮಕ್ಕಳ ಬುದ್ಧಿ ಬೆಳವಣಿಗೆಗೇ ಕುಂದು. ಬ್ಯಾಟರಿ ಮಾಡುವವರೇ ಹಳೆಯದನ್ನು ಮರಳಿ ಪಡೆಯುವ ಏರ್ಪಾಡು ಮಾಡಬೇಕೆಂದು 2022ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಹೊಸದು ತರುವಾಗ ಹಳೆಯದನ್ನು ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಸೋಡಿ ಸಿಗುತ್ತದೆ.

ಬಾಂಧವರೇ, ಕಾರಹುಣ್ಣಿಮೆಗೆ ಮೊದಲು ಎತ್ತು ಕೊಳ್ಳಲು ಹೋದವರು ಹಲ್ಲು ನೋಡುತ್ತೀರಿ, ನಡಿಗೆ ನೋಡುತ್ತೀರಿ, ಮನೆಯಲ್ಲಿರುವ ಎತ್ತಿಗೆ ಜೋಡಿಯಾದೀತೇ ಎಂದು ನೋಡುತ್ತೀರಿ. ಬ್ಯಾಟರಿಯ ವ್ಯಾಪಾರಕ್ಕೂ ಅದೇ ಕಣ್ಣಿರಲಿ. ತಿಂಗಳಿಗೊಮ್ಮೆ ನೀರು ನೋಡಿರಿ, ಮೂರು ತಿಂಗಳಿಗೊಮ್ಮೆ ಎರಡನ್ನೂ ಬೇರೆ ಬೇರೆ ಅಳೆಯಿಸಿರಿ. ಈ ಸಲದ ಮಳೆಗಾಲ ಹತ್ತುವ ಮೊದಲೇ ಒಮ್ಮೆ ಈ ಕೆಲಸ ಮುಗಿಸಿಕೊಳ್ಳಿರಿ. ಹೊಳೆ ಏರಿದ ರಾತ್ರಿ ದೀಪ ಹತ್ತಬೇಕಲ್ಲವೇ?